ಮುಂದಿನ ವರ್ಷದ ಮಹಡಿ

ಪೇಟೆಯಲ್ಲಿ ನಡೆಯುವಾಗ ನನಗೊಂದು ಕೆಟ್ಟ ಚಾಳಿಯಿದೆ. ಎಲ್ಲರೂ ಕಾಲಬುಡ ನೋಡಿಕೊಂಡು ನಡೆದರೆ ನಾನು ಮನೆಗಳ ನೆತ್ತಿ ನೋಡಿಕೊಂಡು ನಡೆಯುತ್ತೇನೆ. ಹೀಗೆ ನಡೆದು ಎಷ್ಟೋ ಸಲ ಎಡವಿದ್ದೇನೆ, ಒಮ್ಮೆ ಮಂಡಕ್ಕಿ ಚೀಲ ಹೊತ್ತವನಿಗೆ ಡಿಕ್ಕಿ ಹೊಡೆದು ಬೈಸಿಕೊಂಡಿದ್ದೇನೆ. ಅಷ್ಟೊಂದು ನೋಡುವುದೇನನ್ನು ಅಂತೀರಾ? ತಾರಸಿಯ ಮೇಲೆ ಕಂಬಗಳ ತುದಿಯಿಂದ ಚಾಚಿಕೊಂಡಿರುವ ಕಬ್ಬಿಣದ ಸರಳುಗಳನ್ನು. ಮುಂದೆ ಎಂದಾದರೂ ಇನ್ನೊಂದು ಅಂತಸ್ತು ಏರಿಸಿದರೆ ಬೇಕಾಗುತ್ತದೆ ಎಂದು ಬಿಟ್ಟವು. ಅವು ಬಿಸಿಲಿಗೆ, ಮಳೆಗೆ ತುಕ್ಕು ಹಿಡಿಯುತ್ತವೆ, ಹೆಂಗಸರು ಅವಕ್ಕೆ ಹಗ್ಗ ಕಟ್ಟಿ ಸೀರೆ ಒಣಗಿಸುತ್ತಾರೆ, ಕಾಗೆ ಬಂದು ಕೂರುತ್ತದೆ. ಯಜಮಾನನನ್ನು ಕೇಳಿದರೆ ಮಾತ್ರ ಉತ್ತರ ಒಂದೇ. ಮುಂದಿನ ವರ್ಷ ಕಟ್ಟಿಸುತ್ತೇವೆ ಎನ್ನುತ್ತಾನೆ.

ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ನನ್ನ ಹಳೆಯ ಕಸುಬು ನೆನಪಾಗುತ್ತದೆ. ಸಿಮೆಂಟಿನ ಕಂಬ, ಕಬ್ಬಿಣದ ಸರಳು ಇವೆಲ್ಲ ಇನ್ನೂ ಎಲ್ಲರ ಮನೆಗೆ ಬಾರದಿದ್ದ ಕಾಲ ಅದು. ಆಗ ದಾವಣಗೆರೆಯ ಜನ ತಮ್ಮ ಮುಂದಿನ ವರ್ಷದ ಮಹಡಿಯನ್ನು ನನ್ನ ಹತ್ತಿರ ಬರೆಸಿಕೊಳ್ಳುತ್ತಿದ್ದರು. ಅಂಥ ಮಹಡಿಗೆ ಇಟ್ಟಿಗೆ ಬೇಡ, ಗಾರೆ ಬೇಡ, ಒಂದಿಷ್ಟು ಎಣ್ಣೆ ಬಣ್ಣ, ಟರ್ಪೆಂಟೈನು ಮತ್ತು ನಾನು ಇದ್ದರೆ ಸಾಕಿತ್ತು.

ನಾನು ಮನೆಗಳ ಚಿತ್ರ ಬರೆಯುವವನಾಗಿದ್ದೆ. ಇದೂ ಒಂದು ಕಸುಬೇ ಎಂದು ನೀವು ನಗಬಹುದು. ನಮ್ಮ ಅಬ್ಬಾ ಅಂಗಡಿ ಬೋರ್ಡು, ಲಾರಿಯ ನಂಬರು ಬರೆಯುತ್ತಿದ್ದರು. ಅವರ ಅಕ್ಷರಗಳು ಮುತ್ತಿನಂತಿದ್ದವು. ನನ್ನ ಅಕ್ಷರ ಮಾತ್ರ ಸಾಲು ಬಿಟ್ಟು ಇಳಿಜಾರಿಗೆ ಹೊರಡುತ್ತಿತ್ತು. 'ಕಿರಾಣಿ ಅಂಗಡಿ' ಎಂದು ಬರೆಯಲು ಶುರುಮಾಡಿದರೆ 'ಡಿ'ಗೆ ಜಾಗ ಸಾಲದೆ ಅದನ್ನು ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂರಿಸಬೇಕಾಗುತ್ತಿತ್ತು. ಅಬ್ಬಾ ಬೇಸತ್ತು ಒಂದು ದಿನ, "ನೀನು ಅಕ್ಷರದ ತಂಟೆಗೆ ಹೋಗಬ್ಯಾಡ. ಬೋರ್ಡಿನ ಅಂಚಿನಾಗೆ ಹೂವು, ಬಳ್ಳಿ ಏನಾರ ಬರಿ" ಅಂದರು. ಹೂವು ಬಳ್ಳಿಯಿಂದ ಶುರುವಾದದ್ದು ಅಂಗಡಿಯ ಚಿತ್ರಕ್ಕೆ ಬಂತು, ಅಂಗಡಿಯಿಂದ ಅಂಗಡಿ ಸಾಹುಕಾರರ ಮನೆಗೆ ಹೋಯಿತು. ಹತ್ತಿಯ ಮಿಲ್ಲುಗಳು ಭರಾಟೆಯಲ್ಲಿ ನಡೆಯುತ್ತಿದ್ದ ದಿನಗಳು, ಬಡಾವಣೆಗಳಲ್ಲಿ ಹೊಸ ಮನೆಗಳು ಏಳುತ್ತಿದ್ದವು. ಫೋಟೋ ತೆಗೆಸಿದರೆ ಹಸಿರು ಬಾಗಿಲೂ ಕಪ್ಪು, ಕೆಂಪು ಕಿಟಕಿಯೂ ಕಪ್ಪು. ಅಷ್ಟು ಖರ್ಚು ಮಾಡಿ ಬಣ್ಣ ಹೊಡೆಸಿದವರಿಗೆ ಅದು ಹೇಗೆ ಸಹ್ಯವಾದೀತು? ಹೀಗಾಗಿ ನನ್ನನ್ನು ಕರೆಸುತ್ತಿದ್ದರು.

ಫೋಟೋದವನಿಗಿಂತ ನಾನು ಮೇಲು ಎನ್ನುವುದಕ್ಕೆ ಇನ್ನೂ ಒಂದು ಕಾರಣವಿತ್ತು. ಅವನು ಇದ್ದದ್ದನ್ನು ಮಾತ್ರ ತೆಗೆಯುತ್ತಾನೆ, ನಾನು ಇಲ್ಲದ್ದನ್ನೂ ಬರೆಯುತ್ತಿದ್ದೆ. ಒಬ್ಬರಿಗೆ ಪಕ್ಕದ ಮನೆಯವರ ಜೊತೆ ಗೋಡೆಯ ವ್ಯಾಜ್ಯವಿತ್ತು. ಪಕ್ಕದ ಮನೆಯನ್ನೇ ತೆಗೆದುಹಾಕಿ ಅಲ್ಲೊಂದು ತೆಂಗಿನ ಮರ ನಿಲ್ಲಿಸಿ ಎಂದರು, ನಿಲ್ಲಿಸಿದೆ. ಇನ್ನೊಬ್ಬರಿಗೆ ಮನೆ ಮುಂದೆ ಕಾರು ಬೇಕಿತ್ತು. ಕಾರಿನ ಹಿಂಭಾಗ ಹೇಗಿರುತ್ತದೆಂದು ನಾನು ಸರಿಯಾಗಿ ಗಮನಿಸಿರಲಿಲ್ಲ. ಮುಂಭಾಗ ಮಾತ್ರ ಬರೆದು ಉಳಿದದ್ದನ್ನು ಚೌಕಟ್ಟಿನ ಆಚೆಗೆ ಬಿಟ್ಟೆ. "ಅರ್ಧ ಕಾರು ಪಕ್ಕದ್ಮನೆ ಮುಂದೆ ನಿಲ್ಲಿಸಿದ್ಯಲ್ಲೋ" ಎಂದು ಅವರು ತಕರಾರು ತೆಗೆದರು. ಹೀಗೆ ಎಲ್ಲರದ್ದೂ ಒಂದೊಂದು ಬೇಡಿಕೆ, ಆದರೆ ಹೆಚ್ಚಿನವರು ಕೇಳುತ್ತಿದ್ದದ್ದು ಮಹಡಿಯನ್ನೇ.

ಮನೆಯೇ ಯಾಕೆ, ಮನುಷ್ಯರ ಚಿತ್ರ ಯಾಕೆ ಬರೆಯಲಿಲ್ಲ ಎಂದು ಕೇಳುತ್ತೀರಿ. ಅದಕ್ಕೆ ನಮ್ಮ ಅಮ್ಮಾ ಕಾರಣ. ಜೀವ ಇರುವ ಯಾವುದನ್ನೂ ಬರೆಯಕೂಡದು ಎಂಬುದು ಅವರ ಕಟ್ಟಪ್ಪಣೆ. "ಕಯಾಮತ್ತಿನ ದಿನ ನೀನು ಬರೆದದ್ದನ್ನೆಲ್ಲ ನಿನ್ನ ಮುಂದೆ ತಂದು ನಿಲ್ಲಿಸ್ತಾರೆ. ಇವಕ್ಕೆ ಉಸುರು ತುಂಬು ಅಂತಾರೆ. ಎಲ್ಲಿಂದ ತರ್ತೀಯ ಬೇಟಾ?" ಎನ್ನುತ್ತಿದ್ದರು. ಕಯಾಮತ್ತೆಂದರೆ ಲೋಕ ಮುಗಿದು ಎಲ್ಲರ ಲೆಕ್ಕ ಕೇಳುವ ತೀರ್ಪಿನ ದಿನ. ಮನೆಗೆ ಉಸಿರಿಲ್ಲ, ಆದ್ದರಿಂದ ಮನೆ ಬರೆಯಬಹುದಿತ್ತು. ಆದರೆ ಗಿರಾಕಿಗಳು ಸುಮ್ಮನಿರುತ್ತಾರೆಯೇ? ಮನೆ ಬರೆದ ಮೇಲೆ ನಾಯಿಯನ್ನೂ ಬರೆಯಿರಿ, ಗಿಳಿಯನ್ನೂ ಬರೆಯಿರಿ, ನಮ್ಮ ಜೋಡೆತ್ತು ಬರೆಯಿರಿ ಎಂದು ಗಂಟುಬೀಳುತ್ತಿದ್ದರು. ಸಾಕಿದ ಪ್ರಾಣಿ ಇಲ್ಲದ ಮನೆ ಅವರಿಗೆ ಮನೆಯಾಗಿಯೇ ಕಾಣುತ್ತಿರಲಿಲ್ಲ.

ಕೊನೆಗೆ ಅಮ್ಮಾ ಒಂದು ದಾರಿ ಬಿಟ್ಟುಕೊಟ್ಟರು. ಪ್ರಾಣಿಯ ಕಣ್ಣು ತೆರೆದಿರಬಾರದು. ಕಣ್ಣು ಮುಚ್ಚಿದ್ದರೆ ಅದು ಯಾರನ್ನೂ ನೋಡುವುದಿಲ್ಲ, ನನ್ನ ಮೇಲೆ ದೂರು ಹೇಳುವುದಿಲ್ಲ ಎಂಬುದು ಅವರ ಲೆಕ್ಕ. ಇದು ಯಾವ ಕಿತಾಬಿನಲ್ಲಿದೆಯೋ ಕೇಳಬೇಡಿ, ಮಗನ ಹೊಟ್ಟೆಪಾಡು ನೋಡಿ ತಾಯಿ ಮಾಡಿಕೊಂಡ ರಾಜಿ ಅದು. ಅಂದಿನಿಂದ ನಾನು ಬರೆದ ನಾಯಿಗಳೆಲ್ಲ ಮಲಗಿದವು, ಬೆಕ್ಕುಗಳೆಲ್ಲ ತೂಕಡಿಸಿದವು, ಎತ್ತುಗಳು ನೊಗ ಹೊತ್ತೇ ನಿದ್ದೆ ಹೋದವು. ಒಬ್ಬ ಮೇಷ್ಟರ ಮನೆಯ ಗಿಳಿಯನ್ನೂ ಹೀಗೇ ಬರೆದುಕೊಟ್ಟಾಗ ಅವರ ಹೆಂಡತಿ ಅದು ಸತ್ತುಹೋಗಿದೆ ಎಂದುಕೊಂಡು ಗೋಳೋ ಎಂದು ಅತ್ತರು. ಪಂಜರದಲ್ಲಿ ಗಿಳಿ ನೆಟ್ಟಗೇ ಇತ್ತು. ಪೇಟೆಯಲ್ಲಿ ನನಗೆ 'ನಿದ್ದೆ ಪೇಂಟರ್' ಎಂದು ಹೆಸರು ಬಿತ್ತು. ಕಾರಣ ಯಾರಿಗೂ ಗೊತ್ತಿರಲಿಲ್ಲ, ನಾನು ಕೆಲಸದ ನಡುವೆ ನಿದ್ದೆ ಮಾಡುತ್ತೇನೆಂದು ಹಲವರು ತಿಳಿದಿದ್ದರು. ಅದೂ ಪೂರ್ತಿ ಸುಳ್ಳಲ್ಲ.

ಈಗ ನಾನು ಹೇಳಹೊರಟ ವಿಷಯಕ್ಕೆ ಬರುತ್ತೇನೆ. ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ಕೆ.ಬಿ. ಬಡಾವಣೆಯಲ್ಲಿ ಚನ್ನಬಸಪ್ಪ ಎಂಬ ಅರಳೆ ವ್ಯಾಪಾರಿಗಳಿದ್ದರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು, ಮನಸ್ಸು ಒಳ್ಳೆಯದೇ. ಅವರದು ಒಂದೇ ಅಂತಸ್ತಿನ ಮನೆ. ಕಟ್ಟಿಸಿ ಕೆಲವು ವರ್ಷಗಳಾಗಿದ್ದವು. ಸುಣ್ಣದ ಗೋಡೆಯ ಮೇಲೆ ಮಳೆನೀರು ಇಳಿದು ಕಂದು ಗೆರೆಗಳು ಬಿದ್ದಿದ್ದವು, ಬಾಗಿಲ ಪಕ್ಕದ ದೀಪದ ಗೂಡಿನ ಮೇಲೆ ಮಸಿ ಹತ್ತಿತ್ತು. ಹೊಸ್ತಿಲಿಗೆ ಅಡ್ಡಲಾಗಿ ರಾಜ ಎನ್ನುವ ನಾಯಿ ಮಲಗಿರುತ್ತಿತ್ತು. ಹೆಸರಷ್ಟೇ ರಾಜ, ಮೈಯೆಲ್ಲ ಬೀದಿ ಜಗಳದ ಗಾಯ.

"ಸಾಬ್ರೆ, ಮನೆ ಚಿತ್ರ ಬೇಕು. ಮ್ಯಾಲೆ ಒಂದು ಮಹಡಿ ಬರೀರಿ. ಮುಂದಿನ ವರ್ಷ ಹೆಂಗೂ ಕಟ್ಟಸ್ತೀವಿ" ಅಂದರು ಚನ್ನಬಸಪ್ಪ.

ಎಂದಿನಂತೆ ನಾನು ತಲೆಯಾಡಿಸಿದೆ. ಈ ಸಲ ಚಿತ್ರ ಅವರ ಮನೆಯ ಗೋಡೆಗಲ್ಲ, ಹರಿಹರಕ್ಕೆ ಹೋಗುವುದಿದೆ ಎಂದು ಆಮೇಲೆ ತಿಳಿಯಿತು. ಮಗ ಮಲ್ಲೇಶನಿಗೆ ಹರಿಹರದ ರುದ್ರಪ್ಪನವರ ಮಗಳು ಗಿರಿಜಾಳನ್ನು ತರುವ ಮಾತು ನಡೆದಿತ್ತು. ಆ ಕಾಲದಲ್ಲಿ ಗಂಡಿನ ಮನೆ ನೋಡಲು ಹೆಣ್ಣಿನ ಕಡೆಯ ಗಂಡಸರಷ್ಟೇ ಹೋಗುತ್ತಿದ್ದರು. ಹೆಂಗಸರು ಹೋಗುವ ಪದ್ಧತಿಯಿರಲಿಲ್ಲ, ಹುಡುಗಿಯಂತೂ ಆ ಮನೆಯನ್ನು ಕಾಣುತ್ತಿದ್ದದ್ದು ಅಕ್ಕಿಯ ಸೇರು ಒದ್ದು ಒಳಗೆ ಕಾಲಿಡುವಾಗಲೇ. ರುದ್ರಪ್ಪನವರು ಬಂದು ಮನೆ ನೋಡಿ ಒಪ್ಪಿ ಹೋಗಿದ್ದರು. ತಕರಾರು ತೆಗೆದವರು ಅವರ ತಾಯಿ. ಆ ಅಜ್ಜಿ ಮದುವೆಯಾಗಿ ಬರುವಾಗ ಹಿತ್ತಲಲ್ಲಿ ಬಾವಿಯಿದೆ ಎಂದು ಗಂಡಸರು ಹೇಳಿದ್ದರಂತೆ. ಬಂದು ನೋಡಿದರೆ ಬಾವಿ ಇರಲಿಲ್ಲ, ಆಮೇಲಿನ ಬಾಳೆಲ್ಲ ಹೊಳೆಯಿಂದ ಕೊಡ ಹೊತ್ತದ್ದೇ ಆಯಿತು. ತಾನು ಕಾಣದ ಮನೆಗೆ ಮೊಮ್ಮಗಳನ್ನು ಕೊಡುವುದಿಲ್ಲ ಎಂದು ಅವರು ಹಟ ಹಿಡಿದರು. ಅಜ್ಜಿಗೆ ಮನೆ ಕಾಣಿಸಲೆಂದೇ ಈ ಚಿತ್ರ.

ಚನ್ನಬಸಪ್ಪನವರ ಮನೆಯೆದುರು ಬೇವಿನ ನೆರಳಿನಲ್ಲಿ ಕೂತು ನಾನು ಬರೆಯತೊಡಗಿದೆ. ಹೊಸ್ತಿಲ ಮೇಲಿನ ರಾಜನನ್ನೂ ಎಂದಿನಂತೆ ಕಣ್ಣು ಮುಚ್ಚಿಸಿ ಮಲಗಿಸಿದೆ. ಮಲ್ಲೇಶ ಅಪ್ಪನ ಅಂಗಡಿಯಲ್ಲೇ ಇರುತ್ತಿದ್ದ. ಮಾತು ಕಡಿಮೆ, ಮಧ್ಯಾಹ್ನ ಊಟಕ್ಕೆ ಸೈಕಲ್ಲಿನಲ್ಲಿ ಬರುತ್ತಿದ್ದ. ಬಂದವನು ಬಾಗಿಲಲ್ಲಿ ಮಲಗಿದ ನಾಯಿಯನ್ನು ಎಬ್ಬಿಸುತ್ತಿರಲಿಲ್ಲ. ಸೈಕಲ್ಲನ್ನು ಎರಡು ಕೈಯಲ್ಲಿ ಎತ್ತಿ, ಕಾಲು ಅಗಲಿಸಿ ನಾಯಿಯನ್ನು ದಾಟಿ, ಒಳಗಿನ ಪಡಸಾಲೆಯಲ್ಲಿ ಇಳಿಸುತ್ತಿದ್ದ. ನಾಯಿ ಒಂದು ಕಣ್ಣು ತೆರೆದು ನೋಡಿ, ಬಾಲವನ್ನು ಒಮ್ಮೆ ನೆಲಕ್ಕೆ ಬಡಿದು ಸುಮ್ಮನಾಗುತ್ತಿತ್ತು. ದಿನವೂ ಹೀಗೆಯೇ. ಒಂದು ಮಧ್ಯಾಹ್ನ ಅವನು ನನ್ನ ಬೆನ್ನ ಹಿಂದೆ ನಿಂತು ಚಿತ್ರವನ್ನು ಬಹಳ ಹೊತ್ತು ನೋಡಿದ.

"ಮಹಡಿ ಯಾಕ್ರಿ?" ಅಂದ.

"ನಿಮ್ಮ ತಂದೆಯವರು ಹೇಳಿದ್ರು."

ಅವನು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಚನ್ನಬಸಪ್ಪನವರ ದನಿ ಕೇಳಿಸಿತು. "ದೊಡ್ಡವರ ಮಾತಿನಾಗೆ ನೀನು ಬಾಯಿ ಹಾಕಬ್ಯಾಡ. ರುದ್ರಪ್ಪಾರಿಗೆ ಎಲ್ಲ ಗೊತ್ತೈತೆ. ಹೆಣ್ಮಕ್ಕಳ ಸಮಾಧಾನಕ್ಕೆ ಒಂದು ಚಿತ್ರ, ಅಷ್ಟೆ." ಮಗನ ದನಿ ಕೇಳಿಸಲಿಲ್ಲ. ನಾನು ಮಹಡಿಯ ಕಿಟಕಿಗೆ ಹಸಿರು ಹಚ್ಚುತ್ತಾ ಕೂತೆ. ಬೇರೆಯವರ ಮನೆಯ ಮಾತಿನಲ್ಲಿ ಪೇಂಟರನಿಗೇನು ಕೆಲಸ ಎಂದುಕೊಂಡೆ.

ಚಿತ್ರ ಹರಿಹರಕ್ಕೆ ಹೋಯಿತು. ಅಜ್ಜಿ ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಮನೆ ಚೆನ್ನಾಗೈತೆ ಅಂದರಂತೆ. ಪಡಸಾಲೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ಮಹಡಿ ಇಲ್ಲವೆಂದು ಕಣ್ಣಾರೆ ಕಂಡು ಬಂದಿದ್ದ ರುದ್ರಪ್ಪನವರೂ ಅದರ ಕೆಳಗೆ ನಿಂತು, ಬಹಳ ಪಸಂದಾಗಿದೆ ಎಂದು ಎಲ್ಲರೆದುರು ಹೇಳಿದರಂತೆ. ಮುಂದಿನ ವರ್ಷ ಹೇಗೂ ಕಟ್ಟುತ್ತಾರಲ್ಲ ಎಂಬುದು ಅವರ ಸಮಾಧಾನ. ಗಂಡಿನ ಕಡೆಯವರು ಬಂದು ಹುಡುಗಿಯನ್ನು ನೋಡುವುದು, ಒಪ್ಪಿಗೆಯಾದರೆ ಅಂದೇ ವೀಳ್ಯ ಬದಲಾಯಿಸುವುದು ಎಂದು ದಿನ ಗೊತ್ತಾಯಿತು.

ಅದೇ ಹೊತ್ತಿಗೆ ರುದ್ರಪ್ಪನವರಿಂದ ನನಗೆ ಕರೆ ಬಂತು. ಅವರದು ಇನ್ನೊಂದು ಫಜೀತಿ. ಗಿರಿಜಾ ಒಂದು ಎಮ್ಮೆ ಸಾಕಿದ್ದಳು, ಹೆಸರು ಚೆಲುವಿ. ತಾಯಿ ಸತ್ತ ಕರುವನ್ನು ಬಟ್ಟೆಯ ಬತ್ತಿಯಲ್ಲಿ ಹಾಲು ಚೀಪಿಸಿ ಬೆಳೆಸಿದವಳು, ಗಂಡನ ಮನೆಗೂ ಕರೆದೊಯ್ಯುತ್ತೇನೆ ಎಂದು ಕೂತಿದ್ದಳು. ಬೀಗರ ಮುಂದೆ ಎಮ್ಮೆಯ ಮಾತೆತ್ತಲು ಅಪ್ಪನಿಗೆ ಸಂಕೋಚ. ಎಮ್ಮೆಯ ಬದಲು ಎಮ್ಮೆಯ ಚಿತ್ರ ಕಳಿಸಿದರಾಯಿತು ಎಂದು ಅವರು ಉಪಾಯ ಮಾಡಿದ್ದರು. ಬಣ್ಣದ ಪೆಟ್ಟಿಗೆ ಹಿಡಿದು ನಾನು ರೈಲು ಹತ್ತಿದೆ. ರೈಲು ಹರಿಹರ ಮುಟ್ಟುವಷ್ಟರಲ್ಲಿ ಎಮ್ಮೆಗೆ ಎಷ್ಟು ಕಪ್ಪು ಬೇಕಾದೀತೆಂದು ಲೆಕ್ಕ ಹಾಕಿ ಮುಗಿಸಿದ್ದೆ.

ರುದ್ರಪ್ಪನವರ ಮನೆ ಹೊಳೆಗೆ ಹತ್ತಿರ. ಚೆಲುವಿ ಬೆಳಿಗ್ಗೆ ಹೊಳೆಗೆ ಹೋಗಿ, ಮೂಗಿನವರೆಗೆ ನೀರಿನಲ್ಲಿ ಮುಳುಗಿದ್ದು, ಬಿಸಿಲೇರಿದ ಮೇಲೆ ಹಿತ್ತಲಿಗೆ ಬರುತ್ತಿತ್ತು. ನಾನು ಅದನ್ನು ಕಟ್ಟುವ ಗೊಂತಿನ ಎದುರು ಮಣೆ ಹಾಕಿಕೊಂಡು ಕೂತೆ. ಕಪ್ಪು ಹಚ್ಚಿದೆ. ಮತ್ತೂ ಕಪ್ಪು ಹಚ್ಚಿದೆ. ನೋಡಿದರೆ ಕೊಂಬು ಮೂಡಿದ ಕಲ್ಲಿದ್ದಲ ಮೂಟೆಯಾಗಿತ್ತು. ಗಿರಿಜಾ ಹುಲ್ಲು ಹಾಕಲು ಬಂದವಳು ನಿಂತು ನೋಡಿದಳು. ಹದಿನೆಂಟರ ಆಸುಪಾಸಿನ ಹುಡುಗಿ, ಬಾಚಿ ಬಿಗಿದ ಜಡೆ, ಅಳುಕಿಲ್ಲದ ನೋಟ.

"ಎಮ್ಮೆ ಕಪ್ಪಲ್ಲರೀ" ಅಂದಳು.

ನಾನು ನಕ್ಕೆ. ಎಮ್ಮೆ ಕಪ್ಪಲ್ಲದೆ ಇನ್ನೇನು?

"ಸರಿಯಾಗಿ ನೋಡ್ರಿ. ಬೆನ್ನ ಮ್ಯಾಲೆ ಮುಗಿಲಿನ ಬಣ್ಣ ಐತೆ. ಕಿವಿ ಒಳಗೆ ಕೆಂಪು. ಹೊಟ್ಟೆ ಕೆಳಗೆ ಕೆಸರಿಂದು. ಕಪ್ಪು ಎಲ್ಲೈತೆ ಹೇಳ್ರಿ ನೋಡೋಣ."

ನೋಡಿದೆ. ಅವಳು ಹೇಳಿದಂತೆಯೇ ಇತ್ತು. ಒದ್ದೆ ಬೆನ್ನಿನ ಮೇಲೆ ಆಕಾಶ ಬಿದ್ದಿತ್ತು. ಹಚ್ಚಿದ್ದನ್ನೆಲ್ಲ ಚಾಕುವಿನಿಂದ ಹೆರೆದು ಮತ್ತೆ ಶುರುಮಾಡಿದೆ. ಬೂದಿ, ನೀಲಿ, ಕಂದು. ಈ ಸಲ ಎಮ್ಮೆ ಎಮ್ಮೆಯಾಗತೊಡಗಿತು. ಇಷ್ಟು ವರ್ಷ ಎಷ್ಟು ಎಮ್ಮೆಗಳನ್ನು ಮಸಿ ಮಾಡಿದೆನೋ ಎಂದು ಮನಸ್ಸಿನಲ್ಲೇ ನಾಚಿಕೊಂಡೆ, ಬಾಯಲ್ಲಿ ಮಾತ್ರ "ಅದನ್ನೇ ಮಾಡೋನಿದ್ದೆ" ಅಂದೆ. ಅವಳು ನಂಬಲಿಲ್ಲ.

ಮರುದಿನವೂ ಬಂದಳು. ಹುಲ್ಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡು, ಮೆಲ್ಲನೆ ಕೇಳಿದಳು. "ಸಾಬ್ರೆ, ದಾವಣಗೆರೆ ಮನೆ ಚಿತ್ರ ನೀವೇ ಬರೆದದ್ದಲ್ಲೇನು?"

"ಹೌದವ್ವ."

"ಅದರಾಗೆ ಕೆಳಗಿನ ಗೋಡೆ ಮ್ಯಾಲೆ ಮಳೆ ಬಿದ್ದೈತೆ. ಮ್ಯಾಲಿನ ಗೋಡೆ ಮ್ಯಾಲೆ ಒಂದು ಹನಿನೂ ಬಿದ್ದಿಲ್ಲ. ಮಳೆ ಕೆಳಗಿಂದ ಬರತೈತೇನ್ರಿ?"

ನನ್ನ ಕೈಯಲ್ಲಿದ್ದ ಕುಂಚ ಅಲ್ಲೇ ನಿಂತಿತು. ನನ್ನ ಚಿತ್ರವನ್ನು ನಾನು ಹಾಗೆ ನೋಡಿರಲೇ ಇಲ್ಲ. ಕಂಡ ಗೋಡೆಯನ್ನು ಕಂಡಂತೆ, ಕಲೆ ಬಿರುಕುಗಳ ಸಮೇತ ಬರೆದಿದ್ದೆ. ಕಾಣದ ಗೋಡೆಯನ್ನು ಅಂದವಾಗಿ ಬರೆದಿದ್ದೆ. ಅದರ ಮೇಲೆ ಮಳೆ ಬಿದ್ದಿರಲಿಲ್ಲ, ಆ ಕಿಟಕಿಯನ್ನು ಯಾರೂ ಮುಟ್ಟಿರಲಿಲ್ಲ. ಎಷ್ಟೋ ವರ್ಷ ಎಷ್ಟೋ ಮನೆಗಳಿಗೆ ಮಹಡಿ ಏರಿಸಿದ್ದೆ, ಯಾರ ಕಣ್ಣಿಗೂ ಇದು ಬಿದ್ದಿರಲಿಲ್ಲ.

ಏನು ಹೇಳಲಿ? ಇಲ್ಲ ಎಂದರೆ ಚನ್ನಬಸಪ್ಪನವರ ಮರ್ಯಾದೆ ಹೋಗುತ್ತದೆ, ಆಮೇಲೆ ಬಡಾವಣೆಯಲ್ಲಿ ನನ್ನನ್ನು ಒಳಗೆ ಬಿಡುವವರಿಲ್ಲ. ಇದೆ ಎಂದರೆ ಈ ಹುಡುಗಿ ನಾಳೆ ಆ ಮನೆಯೊಳಗೆ ಹೋಗಿ ಮೆಟ್ಟಿಲು ಹುಡುಕುತ್ತಾಳೆ. ನನಗೂ ತಂಗಿಯರಿದ್ದರು. ಒಬ್ಬಳನ್ನು ಹೀಗೆಯೇ ಕೇಳಿದ ಮಾತು ನಂಬಿ ದೂರದ ಊರಿಗೆ ಕೊಟ್ಟಿದ್ದೆವು, ಅವಳು ಬಂದಾಗಲೆಲ್ಲ ನಕ್ಕು ಮಾತಾಡಿ ಹೋಗುತ್ತಿದ್ದಳು, ಆದರೂ ಅಮ್ಮಾ ಅವಳು ಹೋದ ಮೇಲೆ ಅಳುತ್ತಿದ್ದರು.

"ಮಹಡಿ ಇಲ್ಲವ್ವ" ಅಂದುಬಿಟ್ಟೆ. "ಮುಂದೆ ಕಟ್ಟಸ್ತಾರಂತೆ."

ಅವಳು ಸಿಟ್ಟಾಗುತ್ತಾಳೆ, ಒಳಗೆ ಓಡಿಹೋಗಿ ಅಜ್ಜಿಗೆ ಹೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಎಮ್ಮೆಯ ಕೊಂಬು ಸವರುತ್ತಾ ನಿಂತಳು.

"ನಾಯಿ ಐತೋ ಅದೂ ಇಲ್ಲೋ?"

"ನಾಯಿ ಐತೆ."

"ಬಾಗ್ಲಾಗೆ ಅಷ್ಟು ನೆಮ್ಮದಿಯಾಗಿ ಮಲಗೈತಲ್ಲ. ಹೊಡಿಯೋರು ಬಡಿಯೋರು ಇರೋ ಮನೆಯಾಗೆ ನಾಯಿ ಹಂಗೆ ಮಲಗಲ್ಲ ಅಂದ್ಕೊಂಡಿದ್ದೆ. ಅದನ್ನ ನೋಡೇ ನಂಗೆ ಆ ಮನೆ ಹಿಡಿಸಿತ್ತು."

ನಾನು ಇನ್ನೂ ಚಿಕ್ಕವನಾದೆ. ನನ್ನ ನಾಯಿಗಳು ಮಲಗುವುದು ನೆಮ್ಮದಿಯಿಂದಲ್ಲ, ನಮ್ಮ ಅಮ್ಮಾನ ಅಪ್ಪಣೆಯಿಂದ ಎಂದು ಹೇಳಬೇಕಾಯಿತು. ಕಯಾಮತ್ತು, ಮುಚ್ಚಿದ ಕಣ್ಣು, ಮೇಷ್ಟರ ಗಿಳಿ ಎಲ್ಲವನ್ನೂ ಹೇಳಿದೆ. ಗಿಳಿಯ ಕಥೆಗೆ ಅವಳು ನಕ್ಕಳು. ನಗು ನಿಂತ ಮೇಲೆ ಕೇಳಿದಳು. "ಮಹಡಿ ಸುಳ್ಳು, ನಾಯಿ ನಿದ್ದೆ ಸುಳ್ಳು. ಹಂಗಾದ್ರೆ ಆ ಮನೆಯಾಗೆ ನೀವು ಕಂಡದ್ದು ಏನ್ರಿ?"

ಆಗ ನನಗೆ ಸೈಕಲ್ಲು ನೆನಪಾಯಿತು. ಮಲ್ಲೇಶ ಊಟಕ್ಕೆ ಬರುವುದು, ನಾಯಿಯನ್ನು ಎಬ್ಬಿಸದೆ ಸೈಕಲ್ಲನ್ನು ಎತ್ತಿ ದಾಟುವುದು, ಅದು ಕಣ್ಣು ತೆರೆದು ನೋಡಿ ಬಾಲ ಬಡಿಯುವುದು, ಹೇಳಿದೆ. ಬರೆಯಬೇಕಾದದ್ದು ಅದನ್ನು, ಬರೆದಿರಲಿಲ್ಲ. ಮಹಡಿ ಯಾಕೆ ಎಂದು ಅವನು ಕೇಳಿದ್ದನ್ನೂ ಅಪ್ಪ ಬಾಯಿ ಮುಚ್ಚಿಸಿದ್ದನ್ನೂ ಹೇಳಿದೆ.

ಗಿರಿಜಾ ಚೆಲ್ಲಿದ ಹುಲ್ಲನ್ನು ಚೆಲುವಿಯ ಮುಂದಕ್ಕೆ ಸರಿಸಿದಳು. ಆಮೇಲೆ, "ನೀವು ಯಾರಿಗೂ ಹೇಳಬ್ಯಾಡ್ರಿ. ಅಪ್ಪಗೂ ಬ್ಯಾಡ, ಅಜ್ಜಿಗೂ ಬ್ಯಾಡ. ಅವರು ಬಂದಾಗ ನಾನೇ ಕೇಳ್ತೀನಿ. ಅವ್ರು ಏನು ಹೇಳ್ತಾರೋ ನೋಡಬೇಕು" ಅಂದಳು. 'ಅವ್ರು' ಎಂದದ್ದು ಹುಡುಗನನ್ನು. ಅಪ್ಪನ ಮುಂದೆ ಬಾಯಿ ಬಿಡದವನು ತನ್ನ ಮುಂದೆಯೂ ಬಿಡದಿದ್ದರೆ ಈ ಮದುವೆ ಬೇಡ ಎಂದು ಅವಳು ಆಗಲೇ ತೀರ್ಮಾನಿಸಿದ್ದಳು. ಮಹಡಿ ಇದ್ದರೂ ಇಲ್ಲದಿದ್ದರೂ ಅವಳಿಗೆ ಚಿಂತೆಯಿರಲಿಲ್ಲ. ಮನೆಯಲ್ಲಿ ನಡೆದ ಮಾತನ್ನು ತನಗೆ ನೇರವಾಗಿ ಹೇಳುವವನು ಬೇಕು, ಅಷ್ಟೇ ಅವಳ ಆಸೆ.

ಎಮ್ಮೆಯ ಚಿತ್ರ ಮುಗಿದಿತ್ತು, ನಾನು ಹೊರಟುಬಿಡಬಹುದಿತ್ತು. ರುದ್ರಪ್ಪನವರು, "ನಾಡಿದ್ದು ಬೀಗರು ಬರ್ತಾರೆ, ಊಟ ಮಾಡ್ಕೊಂಡು ಹೋಗ್ರಿ" ಅಂದರು. ಧೈರ್ಯವಿದ್ದವನಾಗಿದ್ದರೆ ಏನೋ ನೆಪ ಹೇಳಿ ಹೋಗುತ್ತಿದ್ದೆ. ಕುತೂಹಲ ನನ್ನ ಧೈರ್ಯಕ್ಕಿಂತ ದೊಡ್ಡದು, ಉಳಿದೆ.

ಆ ದಿನ ಪಡಸಾಲೆಗೆ ಜಮಖಾನ ಹಾಸಿದ್ದರು. ಒಂದು ಕಡೆ ಚನ್ನಬಸಪ್ಪನವರು, ಮಲ್ಲೇಶ, ಅವರ ಕಡೆಯ ಹಿರಿಯರು. ಇನ್ನೊಂದು ಕಡೆ ರುದ್ರಪ್ಪನವರು, ಕಂಬಕ್ಕೊರಗಿ ಅಜ್ಜಿ. ನಡುವಿನ ಗೋಡೆಯ ಮೇಲೆ ನನ್ನ ಚಿತ್ರ, ಅದರ ಹಸಿರು ಕಿಟಕಿಗಳು ಎಲ್ಲರನ್ನೂ ನೋಡುತ್ತಿದ್ದವು. ನಾನು ಬಾಗಿಲ ಬಳಿ ಚಪ್ಪಲಿಗಳ ಹತ್ತಿರ ಕೂತಿದ್ದೆ, ಓಡಿಹೋಗಲು ಅನುಕೂಲವಾದ ಜಾಗ. ಗಿರಿಜಾ ಉಪ್ಪಿಟ್ಟಿನ ತಟ್ಟೆ ತಂದಿಟ್ಟು ಅಜ್ಜಿಯ ಪಕ್ಕ ಕೂತಳು. ಹೆಸರೇನವ್ವ, ಎಷ್ಟನೇ ಕ್ಲಾಸಿನವರೆಗೆ ಓದೀಯ, ರೊಟ್ಟಿ ಬಡಿಯೋಕೆ ಬರತೈತೇನು, ಎಲ್ಲ ಕೇಳಿದ್ದಾಯಿತು. ಉತ್ತರಗಳೂ ಬಂದವು.

ಕೊನೆಗೆ ಚನ್ನಬಸಪ್ಪನವರು ಉದಾರವಾಗಿ ನಕ್ಕು, "ನೀನೂ ಏನಾರ ಕೇಳೋದಿದ್ರೆ ಕೇಳವ್ವ" ಅಂದರು. ಅದು ಎಲ್ಲ ಕಡೆಯೂ ಹೇಳುವ ಮಾತು. ಹುಡುಗಿ ತಲೆ ತಗ್ಗಿಸಬೇಕು, ಹೆಂಗಸರು ನಗಬೇಕು, ಗಂಡಸರು ಎಲೆ ಅಡಿಕೆಗೆ ಕೈ ಹಾಕಬೇಕು. ಯಾವ ಹುಡುಗಿಯೂ ಏನನ್ನೂ ಕೇಳಿದ್ದನ್ನು ಅಲ್ಲಿದ್ದವರು ಕಂಡಿರಲಿಲ್ಲ.

ಗಿರಿಜಾ ಗೋಡೆಯ ಮೇಲಿನ ಚಿತ್ರವನ್ನು ಒಮ್ಮೆ ನೋಡಿ, ಮಲ್ಲೇಶನ ಕಡೆ ತಿರುಗಿದಳು. "ಮಹಡಿಗೆ ಹೋಗೋ ಮೆಟ್ಟಿಲು ಮನೆ ಒಳಗೈತೋ ಹೊರಗೈತೋ?" ಎಂದು ಕೇಳಿದಳು.

ಹಿರಿಯರ ಕೈಗಳು ಎಲೆಯ ತಟ್ಟೆಯ ಮೇಲೆಯೇ ನಿಂತವು. ರುದ್ರಪ್ಪನವರಿಗೆ ಇದ್ದಕ್ಕಿದ್ದಂತೆ ಜಮಖಾನದ ಬಣ್ಣದಲ್ಲಿ ಆಸಕ್ತಿ ಹುಟ್ಟಿತು. ಚನ್ನಬಸಪ್ಪನವರು, "ಅದು ನೋಡವ್ವ, ಮೆಟ್ಟಿಲು ಅಂದ್ರೆ, ಒಳಗಿಂದ..." ಎಂದು ಶುರುಮಾಡಿದರು. ಮಲ್ಲೇಶನ ಕಿವಿಗಳು ಕೆಂಪಾಗಿದ್ದವು, ಅವನು ಅಪ್ಪನ ಮುಖ ನೋಡಿದ, ತನ್ನ ಕೈ ನೋಡಿಕೊಂಡ. ಅವನು ಮಾತಾಡುವುದಿಲ್ಲ, ಎಲ್ಲ ಮುಗಿಯಿತು ಎಂದುಕೊಂಡೆ. ಗಿರಿಜಾ ಅವನ ಮೇಲಿನ ಕಣ್ಣು ಕೀಳಲಿಲ್ಲ.

"ಅಪ್ಪಾ, ಒಂದು ನಿಮಿಷ" ಅಂದ ಮಲ್ಲೇಶ. ಆಮೇಲೆ ಅವಳಿಗೆ ಹೇಳಿದ. "ಮೆಟ್ಟಿಲು ಇಲ್ಲ. ಮಹಡಿನೂ ಇಲ್ಲ. ನಮ್ಮದು ಒಂದೇ ಅಂತಸ್ತಿನ ಮನೆ. ಕಟ್ಟಸ್ಬೇಕು ಅಂತ ಅಪ್ಪಗೆ ಭಾಳ ಆಸೆ. ಯಾವಾಗ ಆಗತೈತೋ ನಂಗೆ ಗೊತ್ತಿಲ್ಲ. ಇದನ್ನ ಚಿತ್ರ ಕಳಿಸೋಕೆ ಮುಂಚೆನೇ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪಾತು."

ಮೊದಲು ಮಾತಾಡಿದವರು ಅಜ್ಜಿ, ಅದೂ ಮಗನಿಗೆ. "ರುದ್ರಪ್ಪ, ನೀನು ಹೋಗಿ ನೋಡ್ಕೊಂಡು ಬಂದ್ಯಲ್ಲೋ. ಅವತ್ತು ಕಣ್ಣು ಮನೆಯಾಗೇ ಬಿಟ್ಟು ಹೋಗಿದ್ದೇನು?"

ಅಜ್ಜಿ ಮೊಮ್ಮಗಳ ತೊಡೆಯ ಮೇಲೆ ಕೈಯಿಟ್ಟು, "ನೀನು ಏನಂತೀಯವ್ವ? ನಿನ್ನ ಮಾತೇ ಮಾತು. ಬ್ಯಾಡ ಅಂದ್ರೆ ಬ್ಯಾಡ" ಅಂದರು.

"ನಂಗೆ ಒಪ್ಪಿಗೆ ಐತಜ್ಜಿ" ಅಂದಳು ಗಿರಿಜಾ. ಈಗ ತಲೆ ತಗ್ಗಿಸಿದಳು.

ಮಲ್ಲೇಶ ಮುಖ ಒರೆಸಿಕೊಂಡ. ಒರೆಸಿಕೊಂಡದ್ದು ಬೆವರನ್ನೇ ಎಂದು ಹೇಳಲಾರೆ. ವೀಳ್ಯದ ತಟ್ಟೆ ಈ ಕೈಯಿಂದ ಆ ಕೈಗೆ ಹೋಯಿತು. ನನ್ನ ಕಣ್ಣಿಗೂ ನೀರು ಬಂತು, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಅಷ್ಟರಲ್ಲಿ ಅಜ್ಜಿಯ ದೃಷ್ಟಿ ಚಪ್ಪಲಿಗಳ ಕಡೆಗೆ ಹರಿಯಿತು.

"ಸಾಬ್ರೆ, ಇಲ್ಲಿ ಬರ್ರಿ. ಆ ಮ್ಯಾಲಿನ ಮನೆ ತೆಗೀರಿ. ಇವತ್ತೇ ತೆಗೀರಿ. ಕಟ್ಟಿಸಿದ ಮ್ಯಾಲೆ ಬರಿಯಾಕೆ ಬರೋರಂತೆ."

ಮಹಡಿ ಏರಿಸಿ ಎಂದವರು ಊರೆಲ್ಲ ಇದ್ದರು. ಇಳಿಸಿ ಎಂದವರು ನನ್ನ ಕಸುಬಿನಲ್ಲಿ ಆ ಅಜ್ಜಿ ಒಬ್ಬರೇ. ಎಲ್ಲರೂ ಊಟಕ್ಕೆ ಒಳಗೆ ಹೋದಾಗ ನಾನು ಚಿತ್ರವನ್ನು ಗೋಡೆಯಿಂದಿಳಿಸಿ ಜಗಲಿಗೆ ತಂದು, ಬಿಳಿ ನೀಲಿ ಕಲಸಿ, ಮಹಡಿಯ ಮೇಲೆ ಆಕಾಶ ಹಚ್ಚಿದೆ. ಹಸಿರು ಕಿಟಕಿ ಹೋಯಿತು, ಕಲೆಯಿಲ್ಲದ ಗೋಡೆ ಹೋಯಿತು. ಚನ್ನಬಸಪ್ಪನವರು ಊಟದ ನಡುವೆ ಕೈ ತೊಳೆಯುವ ನೆಪದಲ್ಲಿ ಹೊರಗೆ ಬಂದು ಒಮ್ಮೆ ನೋಡಿದರು. ಏನೂ ಹೇಳದೆ, ತಂಬಿಗೆಯ ನೀರು ಚೆಲ್ಲಿ ಒಳಗೆ ಹೋದರು. ಎಂದೂ ಮಾತಿಗೆ ಬರವಿಲ್ಲದ ಮನುಷ್ಯ ಹಾಗೆ ಹೋದದ್ದು ನೋಡಿ ನನಗೆ ಕೆಡುಕೆನಿಸಿತು.

ಎಷ್ಟು ಹಚ್ಚಿದರೂ ಆಕಾಶ ಪೂರ್ತಿ ಮುಚ್ಚಲಿಲ್ಲ. ಅಡಿಯ ಬಣ್ಣ ಗಟ್ಟಿ, ಮೇಲಿನದು ತೆಳು. ಬಿಸಿಲಿಗೆ ಓರೆಯಾಗಿ ಹಿಡಿದರೆ ನೀಲಿಯೊಳಗೆ ಮಹಡಿಯ ಗೆರೆ ಮಸುಕಾಗಿ ಕಾಣುತ್ತಿತ್ತು. ಇನ್ನೊಂದು ಪದರ ಹಚ್ಚೋಣವೆಂದು ಬಣ್ಣ ಕಲಸುತ್ತಿರುವಾಗ ಗಿರಿಜಾ ನನಗೆ ಎಲೆಯಡಿಕೆ ಕೊಡಲು ಬಂದಳು. ಬಗ್ಗಿ ನೋಡಿದಳು. ಅವಳ ಕಣ್ಣಿಗೆ ಬೀಳದೇ ಇರುತ್ತದೆಯೇ?

"ಅಲ್ಲೊಂದಿಷ್ಟು ಉಳಿದೈತೆ" ಅಂದಳು.

"ತಡಿಯವ್ವ, ಅದನ್ನೂ ಮುಚ್ಚಿಬಿಡ್ತೀನಿ."

"ಬ್ಯಾಡ, ಅದು ಇರ್ಲಿ ಬಿಡ್ರಿ" ಅಂದಳು. "ಅದು ಮಾವಾರ ಆಸೆ."